ಮೀಸಲು ಸೋರೆಕಾಯಿ

ನ್ಯಾಮತಿ
೧೧-೬-೧೯೭೮

ಚಿ. ಸೌ. ಚೌಡಕ್ಕನಿಗೆ ನಿನ್ನ ಮೇಷ್ಟ್ರ ಆಶೀರ್ವಾದಗಳು.

ನಿನ್ನ ಪತ್ರ ನಿನ್ನೆ ಶಾಲೆಯ ವಿಳಾಸಕ್ಕೆ ಬಂದು ಸೇರಿತು. ಮದುವೆಯಾಗಿ ಜಗಳೂರಿಗೆ ಹೋದ ಎಂಟು ತಿಂಗಳಲ್ಲಿ ನೀನು ಬರೆದ ಮೊದಲ ಪತ್ರವಿದು. ಅದರಲ್ಲಿ ಸೀರೆಯ ಸುದ್ದಿಯಿಲ್ಲ, ಸಿನಿಮಾದ ಸುದ್ದಿಯಿಲ್ಲ. "ಮನೆಯ ಹಿಂದೆ ಇಪ್ಪತ್ತು ಹೆಜ್ಜೆ ಹಿತ್ತಲು ಖಾಲಿ ಬಿದ್ದಿದೆ, ತರಕಾರಿ ಬೆಳೆಯುವುದನ್ನು ಬರೆದು ಕಲಿಸಿ" ಎಂಬ ಒಂದೇ ಕೋರಿಕೆ. ಅದನ್ನು ಆರನೆಯ ತರಗತಿಯ ಮಕ್ಕಳಿಗೆ ಓದಿ ಹೇಳಿದೆ. ಶಾಲೆಯ ತೋಟಕ್ಕೆ ನೀರು ಹಾಕುವ ಸರದಿ ತಪ್ಪಿದರೆ ಅಳುತ್ತಿದ್ದ ಹುಡುಗಿ ನೀನು ಎಂಬುದನ್ನೂ ಹೇಳಿದೆ.

ಅತ್ತೆಯ ಮನೆಯಲ್ಲಿ ಕುರಿ ಸಾಕಿದವರಿದ್ದಾರೆ, ಶೇಂಗಾ ಬೆಳೆದವರಿದ್ದಾರೆ, ಒಂದು ಬದನೆ ಸಸಿ ನೆಟ್ಟವರಿಲ್ಲ ಎಂದು ಬರೆದಿದ್ದೀಯೆ. ಅದು ಒಳ್ಳೆಯದೇ. ಏನೂ ಗೊತ್ತಿಲ್ಲದವರು ಗಿಡವನ್ನು ದಿನಕ್ಕೆ ನಾಲ್ಕು ಬಾರಿ ನೋಡುತ್ತಾರೆ; ಗೊತ್ತಿದ್ದವರು ವಾರಕ್ಕೊಮ್ಮೆ ನೋಡುತ್ತಾರೆ. ಎಲ್ಲವನ್ನೂ ಒಟ್ಟಿಗೆ ಹಾಕಬೇಡ. ಸೋರೆ, ಹೀರೆ, ಗೋರಿಕಾಯಿ, ಬದನೆ, ಇಷ್ಟೇ ಸಾಕು. ಬಳ್ಳಿಗೆ ಮೊಳದಷ್ಟು ಅಗಲ, ಮೊಳದಷ್ಟು ಆಳದ ಗುಂಡಿ ಬೇಕು. ಗೊಬ್ಬರ ಹಳೆಯದಿರಲಿ, ಹಿಡಿದರೆ ಪುಡಿಯಾಗುವಂಥದ್ದು. ನಿಮ್ಮಲ್ಲಿ ನೀರಿಗೆ ಕಷ್ಟವೆಂದು ಬಲ್ಲೆ. ಬಚ್ಚಲ ನೀರನ್ನು ಕಾಲುವೆ ಮಾಡಿ ಪಾತಿಗೆ ತಿರುಗಿಸು.

ನಾನೇ ಬೆಳೆದು ಬೂದಿ ಹಚ್ಚಿ ಒಣಗಿಸಿದ ಬೀಜಗಳನ್ನು ನಾಲ್ಕು ಪೊಟ್ಟಣದಲ್ಲಿ ಕಳಿಸಿದ್ದೇನೆ. ಊರಿನವರು ನನ್ನನ್ನು ಬೀಜದ ಮೇಷ್ಟ್ರು ಎಂದು ಕರೆಯುವುದು ನಿನಗೆ ತಿಳಿದೇ ಇದೆ. ಆ ಹೆಸರು ಜಗಳೂರಿನವರೆಗೂ ಹೋಗುವುದು ನಿನ್ನ ಕೈಯಲ್ಲಿದೆ.

ನಿನ್ನ ಏಳಿಗೆಯನ್ನು ಬಯಸುವ,
ಪೀರ್‌ಸಾಬ್


ಜಗಳೂರು
೨೩-೭-೧೯೭೮

ಪೂಜ್ಯ ಮೇಷ್ಟ್ರಿಗೆ ಚೌಡಕ್ಕ ಮಾಡುವ ನಮಸ್ಕಾರಗಳು. ಅಖ್ತರ್‌ಬೀ ಅಮ್ಮನವರಿಗೂ ತಿಳಿಸಿರಿ.

ಬೀಜಗಳು ಜೋಪಾನವಾಗಿ ಬಂದವು. ನೀವು ಹೇಳಿದಂತೆ ಗುಂಡಿ ತೋಡಲು ಹೊರಟರೆ ಗೇಣು ಇಳಿಯುವಷ್ಟರಲ್ಲಿ ಕಲ್ಲಿನಂಥ ಗರಸು ಮಣ್ಣು ಸಿಕ್ಕಿತು. ನಮ್ಮ ಯಜಮಾನರು ಪಶು ಆಸ್ಪತ್ರೆಯಲ್ಲಿ ಸೂಜಿ ಹಿಡಿದವರೇ ಹೊರತು ಹಾರೆ ಹಿಡಿದವರಲ್ಲ. ಕೈಯೆಲ್ಲ ಗುಳ್ಳೆ ಎದ್ದಿತು. ಅತ್ತೆ ಭೀಮಕ್ಕನವರು ಕಟ್ಟೆಯ ಮೇಲೆ ಕುಳಿತು, "ಏನಪಾ ಓಬಳಪ್ಪ, ಸೋರೆ ಹಾಕ್ತೀಯೋ ಬಾವಿ ತೋಡ್ತೀಯೋ? ನೀರು ಬಂದ್ರೆ ಮೊದ್ಲು ನಂಗೊಂದು ಕೊಡ ಕೊಡು" ಎಂದರು.

ಗೊಬ್ಬರ ಹಳೆಯದಿರಲಿ ಎಂದು ನೀವು ಬರೆದ ಸಾಲನ್ನು ಯಜಮಾನರು ಓದಿದ್ದರೂ, ನಾನು ಇಲ್ಲದ ಹೊತ್ತಿನಲ್ಲಿ ಎರಡು ಬುಟ್ಟಿ ಹಸಿ ಕುರಿಹಿಕ್ಕೆ ತಂದು ಬದನೆಯ ಪಾತಿಗೆ ಸುರಿದರು. ಮೂರೇ ದಿನಕ್ಕೆ ಸಸಿಗಳು ಕರಕಾದವು. ನಾದಿನಿ ಹೊನ್ನೂರಮ್ಮ, "ಬದ್ನೇಕಾಯಿ ಬ್ಯಾ ಅಂತ ಕೂಗ್ತಾವೇನೋ ಅಂತ ಕಾಯ್ತಿದ್ದೆ ಅಣ್ಣ, ಬಾಯಿ ಬರಾಕೆ ಮೊದ್ಲೇ ಸತ್ತವಲ್ಲ" ಎಂದಳು. ಯಜಮಾನರು ಎರಡು ದಿನ ಹಿತ್ತಲಿಗೆ ಬರಲಿಲ್ಲ.

ಆದರೆ ಸೋರೆ ಚಪ್ಪರ ಹತ್ತಿದೆ. ಮೊಗ್ಗು ಕಾಣಿಸಿದೆ.

ಮೇಷ್ಟ್ರೇ, ಈ ಮನೆಗೆ ಬಂದಾಗಿನಿಂದ ಇವರ ಬಾಯಲ್ಲಿ ನಾನು ಹೊಳೆ ಸೀಮೆಯವಳು, ನೀರು ಚೆಲ್ಲಿ ಕಲಿತವಳು. ಏನು ತೊಳೆದರೂ ಹಿಂದಿನಿಂದ ಒಂದು ಮಾತು ಬರುತ್ತಿತ್ತು. ಈಗ ಬಚ್ಚಲ ನೀರು ಹನಿ ಹನಿಯೂ ಪಾತಿಗೆ ಹೋಗುವುದನ್ನು ಅತ್ತೆ ನೋಡುತ್ತಾರೆ. ಮೊನ್ನೆ ನೆರೆಮನೆಯ ಹನುಮಂತಮ್ಮನವರನ್ನು ಕರೆದು, "ನೋಡು ಬಾರೇ, ನಮ್ಮ ಚೌಡಿ ಹಿತ್ಲು ಹೆಂಗೆ ಮಾಡೈತೆ" ಎಂದರು. ‘ನಮ್ಮ ಚೌಡಿ’ ಎಂಬುದನ್ನು ನಾನು ಈ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

ಮೊದಲ ಕಾಯಿ ಮೀಸಲು ಎಂದು ಅತ್ತೆ ಸಾರಿದ್ದಾರೆ. ಹೊಸ ಪಾತಿಯಲ್ಲಿ ಬಂದದ್ದು ಮನೆದೇವರಿಗೆ ಎಡೆಯಾಗುವ ತನಕ ಯಾರೂ ನಾಲಿಗೆಗೆ ತಾಕಿಸುವಂತಿಲ್ಲ. ಉಗುರಿನಲ್ಲಿ ಗೀರಿ ನೋಡುವಂತೆಯೂ ಇಲ್ಲ. ಕಾಯುತ್ತಿದ್ದೇವೆ.

ನಿಮ್ಮ ವಿದ್ಯಾರ್ಥಿನಿ,
ಚೌಡಕ್ಕ


ನ್ಯಾಮತಿ
೬-೮-೧೯೭೮

ಚಿ. ಸೌ. ಚೌಡಕ್ಕನಿಗೆ ಆಶೀರ್ವಾದಗಳು.

ಸುಟ್ಟ ಬದನೆಗಾಗಿ ಓಬಳಪ್ಪನವರನ್ನು ಯಾರೂ ನೋಯಿಸಬಾರದು. ಹಸಿ ಹಿಕ್ಕೆಗೆ ಕಾವು ಹೆಚ್ಚು ಎಂದು ನಾನು ಬಿಡಿಸಿ ಬರೆಯಬೇಕಿತ್ತು. ಸೋರೆಯ ಬಳ್ಳಿ ಚಪ್ಪರದ ಅಂಚು ಮುಟ್ಟಿದಾಗ ಕುಡಿ ಚಿವುಟು. ಅಡ್ಡಕವಲು ಒಡೆದು ಹೆಣ್ಣು ಹೂ ಹೆಚ್ಚುತ್ತವೆ.

ನಿನಗೆ ಸಂತೋಷವಾಗುವ ಒಂದು ಸಂಗತಿ ಇದೆ. ನವೆಂಬರಿನಲ್ಲಿ ಹೊನ್ನಾಳಿಯಲ್ಲಿ ನಡೆಯುವ ಶಿಕ್ಷಕರ ಸಭೆಯಲ್ಲಿ ಶಾಲಾ ತೋಟದ ಕೆಲಸಕ್ಕಾಗಿ ನನಗೆ ಶಾಲು ಹೊದಿಸುವರಂತೆ. ನನ್ನ ಬೀಜದಿಂದ ಬೆಳೆದ ಹಿತ್ತಲುಗಳ ಪಟ್ಟಿ ಕೇಳಿದ್ದಾರೆ. ಜಗಳೂರಿನ ನಿನ್ನ ಹಿತ್ತಲನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ.

ಹಿತೈಷಿ,
ಪೀರ್‌ಸಾಬ್


ಜಗಳೂರು
೧೨-೯-೧೯೭೮

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಬರೆಯಲು ನಾಚಿಕೆಯಾಗುತ್ತಿದೆ. ಆದರೂ ನಿಮಗಲ್ಲದೆ ಬೇರೆ ಯಾರಿಗೂ ಬರೆಯುವಂತಿಲ್ಲ.

ಹೊನ್ನೂರಮ್ಮನನ್ನು ನೋಡಲು ಚನ್ನಗಿರಿಯ ಕಡೆಯಿಂದ ಗಂಡಿನವರು ಶುಕ್ರವಾರ ಬಂದಿದ್ದರು. ಹುಡುಗ, ಅವನ ಅಜ್ಜಿ, ಸೋದರಮಾವ ಜಯಪ್ಪನವರು. ಅತ್ತೆ ಬೇಕೆಂದೇ ಅದೇ ದಿನ ಮೀಸಲು ಸೋರೆಯನ್ನು ಕೊಯ್ಯಿಸಿದರು. "ನಮ್ಮ ಹಿತ್ಲಾಗಿಂದು ಅಂತ ಹೇಳಿ ಬಡಿಸಾಕೆ ಒಂದು ಗತ್ತು ಇರ್ತೈತೆ" ಎಂದರು. ಪಲ್ಯ ಮಾಡಿದೆ, ಹುಳಿ ಮಾಡಿದೆ. ದೇವರಿಗೆ ಎಡೆಯಾಯಿತು. ಎಡೆ ಎತ್ತಿದ ಕೂಡಲೇ ಗಂಡಿನವರ ಪಂಕ್ತಿಗೆ ಬಡಿಸಿದೆವು.

ಜಯಪ್ಪನವರು ಮೊದಲ ತುತ್ತನ್ನು ಮರ್ಯಾದೆಗೆ ನುಂಗಿದರು. ಎರಡನೆಯದನ್ನು ಎಲೆಯ ಅಂಚಿಗೆ ಸರಿಸಿ, "ಏನವ್ವಾ, ಯುಗಾದಿಗೆ ಇನ್ನೂ ಆರು ತಿಂಗ್ಳು ಐತಲ್ಲ, ಈಗ್ಲೇ ಬೇವು ಬಡಿಸೀರಿ" ಎಂದು ನಕ್ಕರು. ಅವರೊಡನೆ ನಾವೂ ನಕ್ಕೆವು. ಅಷ್ಟರಲ್ಲಿ ಅಜ್ಜಿ ಎದ್ದು ಅಂಗಳಕ್ಕೆ ಹೋಗಿ ವಾಂತಿ ಮಾಡಿಕೊಂಡರು. ಸಂಜೆಯವರೆಗೂ ವಾಂತಿ ನಿಲ್ಲಲಿಲ್ಲ. ಬಸ್ಸಿಗೆ ಹೋಗುವಾಗ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡಿದ್ದರು. ಹುಡುಗ ತಿರುಗಿ ನೋಡಲಿಲ್ಲ.

ಅಡುಗೆ ಮಾಡಿದವಳಿಗೆ ಮೊದಲೇ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವನ್ನು ನಾನು ಬರೆಯಲಾರೆ.

ಆ ಬಳ್ಳಿಯ ಉಳಿದ ಕಾಯಿಗಳೂ ಹಾಗೆಯೇ ಕಹಿ. ಹೊರಗಿರುವ ದಿನಗಳಲ್ಲಿ ನಾನು ಬಳ್ಳಿ ಮುಟ್ಟಿದ್ದರಿಂದ ಹೀಗಾಯಿತೆಂದು ಅತ್ತೆ ಹೇಳುತ್ತಿದ್ದಾರೆ. ಆ ನಾಲ್ಕು ದಿನ ನಾನು ಹಿತ್ತಲ ಬಾಗಿಲು ದಾಟಿಲ್ಲ, ಮೇಷ್ಟ್ರೇ. ಗಂಡಸರ ಮುಂದೆ ಇದನ್ನು ವಾದಿಸುವುದು ಹೇಗೆ?

ಬೀಜದ ಗುಣವೇ ಹಾಗಿದ್ದರೆ ಒಂದೇ ಒಂದು ಸಾಲು ಬರೆಯಿರಿ. ನಿಮ್ಮ ಮಾತಿಗೆ ಈ ಮನೆಯಲ್ಲಿ ಬೆಲೆ ಇದೆ. ಎಲ್ಲರ ಮುಂದೆ ಓದಿಸುತ್ತೇನೆ. ಅಲ್ಲಿಗೆ ಈ ಮಾತು ನಿಲ್ಲುತ್ತದೆ.

ನಿಮ್ಮ ಉತ್ತರವನ್ನೇ ನಂಬಿರುವ,
ಚೌಡಕ್ಕ


ನ್ಯಾಮತಿ
೧-೧೦-೧೯೭೮

ಚಿ. ಸೌ. ಚೌಡಕ್ಕನಿಗೆ ಆಶೀರ್ವಾದಗಳು.

ಪರೀಕ್ಷೆಗಳ ಗಡಿಬಿಡಿಯಲ್ಲಿ ಉತ್ತರ ತಡವಾಯಿತು. ನಡೆದದ್ದನ್ನು ಓದಿ ವ್ಯಥೆಯಾಯಿತು. ಅಜ್ಜಿಯವರು ಈಗ ಗುಣವಾಗಿದ್ದಾರೆಂದು ನಂಬಿದ್ದೇನೆ.

ನೀನು ಕೇಳಿದ ವಿಷಯ. ಈ ಬೀಜವನ್ನು ನಾನು ಹಲವು ವರ್ಷಗಳಿಂದ ಬೆಳೆದು ಹಂಚುತ್ತಿದ್ದೇನೆ. ಆದ್ದರಿಂದ ಬೀಜದಲ್ಲಿ ದೋಷವಿರಲಾರದು. ನೀರಿನ ಏರುಪೇರು, ಬಿಸಿಲಿನ ಝಳ, ಆರೈಕೆಯಲ್ಲಿ ಎಲ್ಲಿಯೋ ಆದ ಲೋಪ, ಇಂಥ ಕಾರಣಗಳಿರಬಹುದು. ಆರಂಭದಲ್ಲಿ ಇವು ಸಹಜ. ಮನಸ್ಸಿಗೆ ಹಚ್ಚಿಕೊಳ್ಳದೆ ಬರುವ ವರ್ಷ ಮತ್ತೆ ಪ್ರಯತ್ನಿಸು. ಹಿರಿಯರ ಮಾತಿಗೆ ಎದುರಾಡಬೇಡ. ಎಲ್ಲವೂ ಕಾಲಕ್ರಮದಲ್ಲಿ ಸರಿಹೋಗುತ್ತದೆ.

ಹಿತೈಷಿ,
ಪೀರ್‌ಸಾಬ್


ಜಗಳೂರು
೨೦-೧೦-೧೯೭೮

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ನಾನು ಮೊದಲು ಓದಿಕೊಳ್ಳದೆ ಯಜಮಾನರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಹನುಮಂತಮ್ಮನವರೂ ಕುಳಿತಿದ್ದರು. ಓದಿ ಮುಗಿದ ಮೇಲೆ ಅತ್ತೆ, "ಬೀಜದಾಗೆ ದೋಷ ಇಲ್ಲ ಅಂತ ಮೇಷ್ಟ್ರೇ ಬರ್ದಾರೆ. ಇನ್ನು ಯಾರ್ದು ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಾ?" ಎಂದರು. ಯಜಮಾನರು ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

ಚನ್ನಗಿರಿಯವರು ಬೇರೆ ಕಡೆ ನಿಶ್ಚಯ ಮಾಡಿಕೊಂಡರೆಂದು ತಿಳಿಯಿತು. ಹೊನ್ನೂರಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಾನು ಈಗ ಹಿತ್ತಲಿಗೆ ಹೋಗುತ್ತಿಲ್ಲ. ದೇವರ ಅಡುಗೆಯನ್ನೂ ಅತ್ತೆಯೇ ಮಾಡುತ್ತಾರೆ.

ಉಳಿದಿದ್ದ ಬೀಜಗಳನ್ನು ಇದರೊಂದಿಗೆ ಹಿಂದಕ್ಕೆ ಕಳಿಸಿದ್ದೇನೆ.

ಚೌಡಕ್ಕ


ನ್ಯಾಮತಿ
೨೧-೧-೧೯೭೯

ತಾಯಿ ಭೀಮಕ್ಕನವರಿಗೆ ನ್ಯಾಮತಿಯ ಪೀರ್‌ಸಾಬ್ ಮೇಷ್ಟ್ರು ತಲೆಬಾಗಿ ಬರೆಯುವ ಪತ್ರ.

ನಿಮ್ಮ ಮಗ ಓಬಳಪ್ಪನವರು ಇದನ್ನು ಗಟ್ಟಿಯಾಗಿ ಓದಬೇಕು. ಚೌಡಕ್ಕ ಎದುರಿಗಿರಬೇಕು. ಹಿಂದಿನ ಪತ್ರವನ್ನು ಕೇಳಿದ ನೆರೆಯವರೂ ಇದ್ದರೆ ಉಪಕಾರವಾಗುತ್ತದೆ.

ದೋಷ ಬೀಜದಲ್ಲಿತ್ತು. ಆ ಬೀಜ ನನ್ನದು. ಅದು ನನಗೆ ಗೊತ್ತಿತ್ತು.

ನಮ್ಮೂರ ಕೆರೆಯಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟುತ್ತೇವೆ. ಅದಕ್ಕೆ ಗಟ್ಟಿ ಸಿಪ್ಪೆಯ ಕಹಿಸೋರೆ ಬೇಕು. ಹೋದ ವರ್ಷದ ಹಿಂದಿನ ವರ್ಷ ನಾನು ಅದನ್ನು ಬೇಲಿಗೆ ಹಬ್ಬಿಸಿದ್ದೆ. ಅಲ್ಲಿಂದ ಹತ್ತು ಹೆಜ್ಜೆಗೆ ತಿನ್ನುವ ಸೋರೆಯ ಚಪ್ಪರವಿತ್ತು. ಒಂದು ಹೂವಿನ ಪುಡಿಯನ್ನು ದುಂಬಿ ಇನ್ನೊಂದು ಹೂವಿಗೆ ಒಯ್ಯುತ್ತದೆ. ಹಾಗೆ ಕೂಡಿದ ಕಾಯಿ ಆ ವರ್ಷ ಸಿಹಿಯಾಗಿಯೇ ಇರುತ್ತದೆ. ಅದರ ಬೀಜದಿಂದ ಹುಟ್ಟಿದ ಬಳ್ಳಿ ಮರುವರ್ಷ ಕಹಿ ಕೊಡುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಕಲಿಸುವವನು ನಾನೇ. ನನ್ನ ಹಿತ್ತಲಲ್ಲಿ ಅದನ್ನು ಮರೆತೆ. ಯಾವ ಹೆಂಗಸಿನ ಕೈಯಿಂದಲೂ, ಯಾವ ದಿನದ ಮುಟ್ಟಿನಿಂದಲೂ ಸೋರೆ ಕಹಿಯಾಗುವುದಿಲ್ಲ.

ಇಲ್ಲಿಯವರೆಗಿನದು ಮರೆವು. ಮುಂದಿನದು ಮರೆವಲ್ಲ.

ಸೆಪ್ಟೆಂಬರಿನಲ್ಲಿ ಚೌಡಕ್ಕನ ಪತ್ರ ಬಂದ ದಿನವೇ ನಾನು ಹಿತ್ತಲಿಗೆ ಹೋಗಿ, ಅದೇ ಬೀಜದಿಂದ ತಡವಾಗಿ ಹಾಕಿದ ಬಳ್ಳಿಯ ಒಂದು ಎಳೆಗಾಯಿಯನ್ನು ಕೊಯ್ದು ನಾಲಿಗೆಗೆ ಇಟ್ಟೆ. ನನ್ನ ಹೆಂಡತಿ ಅಖ್ತರ್‌ಬೀ ಪಕ್ಕದಲ್ಲೇ ಇದ್ದಳು. ಅವಳೂ ನೋಡಿ ಉಗುಳಿದಳು. ಹದಿನೈದು ದಿನ ಕಾಗದ ಮುಂದಿಟ್ಟುಕೊಂಡು ಕುಳಿತೆ. ಹೊನ್ನಾಳಿಯ ಸಭೆ ಹತ್ತಿರವಿತ್ತು. ಬೀಜದ ಮೇಷ್ಟ್ರು ಕಹಿಬೀಜ ಹಂಚಿದನೆಂಬ ಮಾತು ಆ ಸಭೆಗೆ ಮೊದಲು ಹರಡಬಾರದೆಂದು, ‘ದೋಷವಿರಲಾರದು’ ಎಂದು ಬರೆದೆ. ಶಾಲು ಹೊದಿಸಿಕೊಂಡೆ. ವೇದಿಕೆಯಲ್ಲಿ ನಿಮ್ಮ ಹಿತ್ತಲಿನ ಹೆಸರನ್ನೂ ಓದಿದರು. ನಾನು ಕೈ ಮುಗಿದು ಕುಳಿತಿದ್ದೆ.

ಡಿಸೆಂಬರಿನಲ್ಲಿ ಬಸ್ಸು ಹತ್ತಿ ಜಗಳೂರಿಗೆ ಬಂದೆ. ನಿಮ್ಮ ಬೇಲಿಯವರೆಗೂ ಬಂದೆ. ಚಪ್ಪರದ ಗೂಟಗಳು ಮಾತ್ರ ನಿಂತಿದ್ದವು. ನೀವು ಹೊರಗೆ ಬಂದು, "ಯಾರು ಬೇಕಾಗಿತ್ರಿ?" ಎಂದು ಕೇಳಿದಿರಿ. ಹಾದಿ ತಪ್ಪಿದೆನೆಂದು ಹೇಳಿದೆ. ನೀವು ಬಿಸಿಲಲ್ಲಿ ಬಂದವನೆಂದು ನೀರು ಕೊಟ್ಟಿರಿ. ಆ ನೀರು ಕುಡಿದು ಬಸ್‌ಸ್ಟ್ಯಾಂಡಿಗೆ ಹಿಂದಿರುಗಿದವನು ನಾನೇ.

ಹೋದ ವಾರ ಪೆಟ್ಟಿಗೆ ಒರೆಸುವಾಗ ಅಖ್ತರ್‌ಬೀಗೆ ಚೌಡಕ್ಕ ಹಿಂದಕ್ಕೆ ಕಳಿಸಿದ ಪೊಟ್ಟಣ ಸಿಕ್ಕಿತು. "ಇದ್ಯಾಕ್ರೀ ವಾಪಸ್ ಬಂದೈತೆ? ಬೀಜ ಕಹಿ ಅಂತ ನೀವು ಆವತ್ತೇ ಬರೀಲಿಲ್ವಾ?" ಎಂದು ಕೇಳಿದಳು. ಬರೆದದ್ದೇನೆಂದು ಹೇಳಿದೆ. "ನಿಮ್ಮ ಹೆಸ್ರು ಕೆಡಬಾರ್ದು, ಆ ಕೂಸಿನ ಹೆಸ್ರು ಕೆಟ್ರೆ ಪರವಾಗಿಲ್ಲ, ಹಂಗೇನು? ಮೂವತ್ತು ವರ್ಷ ಮಕ್ಳಿಗೆ ಏನ್ರೀ ಕಲ್ಸಿದ್ರಿ?" ಎಂದಳು. ಅಂದಿನಿಂದ ಅವಳು ನನ್ನ ತಟ್ಟೆಯನ್ನು ಇಟ್ಟು ಹೋಗುತ್ತಾಳೆ, ಬಡಿಸುವುದಿಲ್ಲ.

ಅದೇ ಸೋರೆಬೀಜ ಪಡೆದ ಬೇರೆ ಐದು ಮನೆಗಳಿಗೆ ಹೋಗಿ ಹೇಳಿದೆ. ಮೂರು ಮನೆಯವರಿಗೆ ಮೊದಲೇ ತಿಳಿದಿತ್ತು. ನನ್ನ ಮೇಲಿನ ಗೌರವಕ್ಕೆ ಬಳ್ಳಿ ಕಿತ್ತು ಎಸೆದು ಬಾಯಿ ಮುಚ್ಚಿಕೊಂಡಿದ್ದರು. ಅವರು ನನ್ನನ್ನು ಕಾಪಾಡಿದರು, ನಾನು ನನ್ನ ವಿದ್ಯಾರ್ಥಿನಿಯನ್ನು ಕಾಪಾಡಲಿಲ್ಲ. ಜಯಪ್ಪನವರಿಗೂ ಪತ್ರ ಬರೆದಿದ್ದೇನೆ. ತಪ್ಪಿದ ಸಂಬಂಧ ಅದರಿಂದ ಮರಳುವುದಿಲ್ಲವೆಂದು ಬಲ್ಲೆ. ಹೊನ್ನೂರಮ್ಮನ ಕ್ಷಮೆಯನ್ನು ಕೇಳುವ ಯೋಗ್ಯತೆ ನನಗಿಲ್ಲ.

ನಿಮ್ಮ ಸೊಸೆ ನಿರ್ದೋಷಿ. ಅವಳನ್ನು ಅವಳ ಪಾತಿಗೆ ಹೋಗಗೊಡಿ. ಬೇರೇನನ್ನೂ ಬೇಡುವುದಿಲ್ಲ.

ತಪ್ಪಿತಸ್ಥ,
ಪೀರ್‌ಸಾಬ್


ಜಗಳೂರು
೯-೨-೧೯೭೯

ಮೇಷ್ಟ್ರೇ,

ಭೀಮಕ್ಕ ಹೇಳಿ ಬರೆಸ್ತಿರೋದು. ನಂಗೆ ಅಕ್ಷರ ಬರಲ್ಲ, ಚೌಡಿ ಕೈಲೇ ಬರೆಸ್ತೀನಿ. ನಾನು ಹೆಂಗೆ ಹೇಳ್ತೀನೋ ಹಂಗೇ ಬರಿ ಅಂತ ಹೇಳೀನಿ.

ನಿಮ್ಮ ಕಾಗದ ನನ್ನ ಮಗ ಎರಡು ಸಲ ಓದ್ದ. ಹನುಮಂತಮ್ಮನ್ನೂ ಕರೆಸಿದ್ದೆ. ಆವತ್ತು ನೀರು ಕೊಟ್ಟಿದ್ದು ನೆಪ್ಪೈತೆ. ಯಾರೋ ಜ್ವರ ಬಂದ ಮನುಷ್ಯ ಅಂದ್ಕಂಡಿದ್ದೆ. ಸಿಟ್ಟು ಬಂತ್ರಿ ನಿಮ್ಮ ಮೇಲೆ. ದೊಡ್ಡೋರು ಹಿಂಗೆ ಮಾಡ್ಬಾರ್ದಿತ್ತು.

ಆದ್ರೆ ಬೈಯಾಕೆ ಬಾಯಿ ಬರವಲ್ದು. ಯಾಕಂದ್ರೆ ನಂದೂ ಒಂದೈತೆ. ಆವತ್ತು ಕಾಯಿ ಹೆಚ್ಚುವಾಗ ರಸ ಹಾರಿ ಚೌಡಿ ತುಟಿಗೆ ತಾಕಿತ್ತು. ಅತ್ತೇ, ಕಹಿ ಐತೆ, ಬಡಿಸಾದು ಬ್ಯಾಡ ಅಂದ್ಲು. ಮೀಸಲು ಬಾಯಿಗಿಟ್ಟೆಯಾ ಮುಂಡೇದೆ ಅಂತ ಕೈ ಮೇಲೆ ಹೊಡ್ದೆ. ದೇವ್ರ ಕಾಯಿ ಕಹಿ ಅಂತ ಮತ್ತೆ ಬಾಯಿ ಬಿಟ್ರೆ ನೋಡು ಅಂದೆ. ಅವ್ಳು ಬಿಡ್ಲಿಲ್ಲ. ನನ್ನ ಮಗ ಕೇಳ್ದಾಗ್ಲೂ ಬಿಡ್ಲಿಲ್ಲ. ಎಲ್ರೂ ಅವ್ಳಿಗೆ ಅಂದಾಗ ನಾನು ಅಲ್ಲೇ ಕೂತಿದ್ದೆ, ನಾನೂ ಅಂದೆ. ಇದನ್ನ ಬರೆಯಾಕೆ ಅವ್ಳು ಒಲ್ಲೆ ಅಂದ್ಲು, ಬರಿ ಅಂದೆ. ಓಬಳನ ಮುಂದೆ, ಹನುಮಂತಮ್ಮನ ಮುಂದೆ ಹೇಳಿ ಆತು. ಹೊನ್ನೂರಿ ನನ್ ಮೇಲೆ ಮುನಿಸ್ಕಂಡೈತೆ. ಮುನಿಸ್ಕಳ್ಳಿ.

ಹಿತ್ಲ ಬಾಗಿಲು ತೆಗ್ದೈತೆ. ಅಷ್ಟೇ.

ಭೀಮಕ್ಕನ ಹೆಬ್ಬೆಟ್ಟು


ಮೇಷ್ಟ್ರೇ, ಇಲ್ಲಿಂದ ನಾನೇ ಬರೆಯುತ್ತಿದ್ದೇನೆ.

ನಿಮ್ಮ ಪತ್ರವನ್ನು ಯಜಮಾನರು ಒಮ್ಮೆ ಓದಿ, ಯಾರೂ ಹೇಳದೆಯೇ ಮೊದಲಿನಿಂದ ಮತ್ತೆ ಓದಿದರು. ಅವರು ಅಂದು ಪತ್ರ ಮಡಿಸಿ ಕೊಟ್ಟದ್ದನ್ನು ನೆನೆದರೋ ಏನೋ, ಕೇಳಲಿಲ್ಲ. ನಿಮಗೆ ಏನು ಬರೆಯಬೇಕೆಂದು ಎರಡು ವಾರ ಯೋಚಿಸಿದೆ. ಕ್ಷಮಿಸಿದ್ದೇನೆ ಎಂದು ಬರೆದರೆ ಅದು ಇನ್ನೂ ನಿಜವಲ್ಲ. ಕ್ಷಮಿಸಲಾರೆ ಎಂದರೆ ಅದೂ ನಿಜವಲ್ಲ. ಅಖ್ತರ್‌ಬೀ ಅಮ್ಮನವರಿಗೆ ನಿಮಗೆ ಬಡಿಸಲು ಹೇಳಿರಿ.

ಬೀಜವನ್ನು ಈ ಸಲ ಸಂತೆಯಲ್ಲಿ ಕೊಂಡೆ. ಬದನೆ ಸಸಿಗಳು ಎದ್ದಿವೆ. ಆದರೆ ಬೇಸಿಗೆ ಬರುವ ಮೊದಲೇ ಪಾತಿಯ ಮೇಲೆ ಉಪ್ಪಿನಂಥ ಬಿಳಿ ಪದರ ಕಟ್ಟುತ್ತಿದೆ. ಬಚ್ಚಲ ನೀರು ಸಾಲದೆ ಓಣಿಯ ಬಾವಿಯ ನೀರು ಹಾಕುತ್ತೇವೆ, ಅದು ಸವುಳು. ಎಲೆಯ ಅಂಚು ಸುಡುತ್ತಿದೆ. ಏನು ಮಾಡಬೇಕು? ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ.

ಚೌಡಕ್ಕ


ನ್ಯಾಮತಿ
೧೩-೨-೧೯೭೯

ಚಿ. ಸೌ. ಚೌಡಕ್ಕನಿಗೆ,

ನಿನ್ನ ಪತ್ರ ಇಂದು ಬೆಳಿಗ್ಗೆ ಬಂತು. ಇಂದೇ ಬರೆಯುತ್ತಿದ್ದೇನೆ.

ನನಗೆ ಗೊತ್ತಿಲ್ಲ. ಸವುಳು ನೀರಿನಲ್ಲಿ ನಾನು ಒಂದು ಗಿಡವನ್ನೂ ಬೆಳೆದವನಲ್ಲ. ನಾಳೆ ಹೊನ್ನಾಳಿಯ ಕೃಷಿ ಕಚೇರಿಗೆ ಹೋಗಿ ಕೇಳುತ್ತೇನೆ; ಅವರು ಹೇಳಿದ್ದನ್ನು ಅವರು ಹೇಳಿದ್ದೆಂದೇ ಬರೆಯುತ್ತೇನೆ. ನಿನಗೆ ಮೊದಲು ತಿಳಿದರೆ ನನಗೂ ಬರೆ. ನಾನು ಕಲಿಯಬೇಕು.

ಪೀರ್‌ಸಾಬ್